ಮೂಳೆ ಹಿಡಿದುಕೊಂಡದ್ದು

ನಮ್ಮಪ್ಪನ ಕೆಳದವಡೆಯ ಮುಂದಿನ ನಾಲ್ಕು ಹಲ್ಲು ಹೋದದ್ದು ಮನೆಯ ಸೀಮೆ ಹಸುವಿನಿಂದ. ಹದಿನಾಲ್ಕು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಹಸುವನ್ನು ಬಿಸಿಲಿಗೆ ಕಟ್ಟೋಣವೆಂದು ಅಪ್ಪ ಹಗ್ಗ ಬಿಚ್ಚಲು ಬಗ್ಗಿದ್ದ. ನೊಣ ಕಚ್ಚಿತೋ ಏನೋ, ಅದು ತಲೆಯನ್ನು ಒಮ್ಮೆಲೇ ಮೇಲಕ್ಕೆ ಒದರಿತು. ಸ್ಕೂಲಿಗೆ ಹೊರಡಲು ಬೈಕು ಹೊರಗೆ ತೆಗೆಯುತ್ತಿದ್ದ ನಾನು ಸದ್ದು ಕೇಳಿ ಓಡಿದೆ. ಅಪ್ಪ ಕೊಟ್ಟಿಗೆಯ ಕಲ್ಲುಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಾಯಿಂದ ರಕ್ತ ಸುರಿಯುತ್ತಿದ್ದರೂ ನೆಲದಲ್ಲಿ ಏನನ್ನೋ ಹುಡುಕುತ್ತಿದ್ದ. ಎರಡು ಹಲ್ಲು ಆಗಲೇ ಅವನ ಅಂಗೈಯಲ್ಲಿದ್ದವು. ಇನ್ನೆರಡು ಬುಡದಲ್ಲಿ ಮುರಿದು ನಿಂತಿದ್ದವು.

"ಅದನ್ನ ಬಯ್ಯಬೇಡ ಕಣಪ್ಪ. ಬೇಕು ಅಂತ ಮಾಡಿಲ್ಲ ಅದು," ಅಂದ.

ಆಗ ಅವನಿಗೆ ಅರವತ್ತೊಂದು. ಮಂಡಿಕಲ್ ಕಡೆಯ ನಮ್ಮೂರಿನಲ್ಲಿ ಎರಡೆಕರೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ಐದಾರು ಬೆಳೆ ರೇಷ್ಮೆಗೂಡು, ಎರಡು ಹಸು. ಅಪ್ಪನ ಲೋಕ ಅಷ್ಟು. ನಾನು ಚಿಕ್ಕಬಳ್ಳಾಪುರದ ಸರ್ಕಾರಿ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು, ದಿನಾ ಹೋಗಿಬರುವವನು. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ನಾನು, ಚಿಂತಾಮಣಿ ಕಡೆಯಿಂದ ಬಂದ ನನ್ನ ಹೆಂಡತಿ, ಮೂರೇ ಜನ.

ಅಪ್ಪನದು ದೊಡ್ಡ ಗಂಟಲು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವನನ್ನು ನೋಡಿದವರಿಗೆ ಅದು ಗೊತ್ತು. ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಜೊತೆ ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಮಾತಾಡುತ್ತಿದ್ದ. ಒಂದು ಗೂಡನ್ನು ತನ್ನ ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೊಂದನ್ನು ಅವರ ಕೈಗಿಟ್ಟು ಒತ್ತಿ ನೋಡಿ ಅನ್ನುತ್ತಿದ್ದ. ವ್ಯಾಪಾರ ಮುಗಿದ ಮೇಲೂ ಅರ್ಧ ಗಂಟೆ ನಗುತ್ತ ನಿಂತಿರುತ್ತಿದ್ದ. ಹಲ್ಲು ಹೋದ ಮೇಲೆ ಆ ಗಂಟಲು ತಗ್ಗಿತು. 'ಸ' ಅಂದರೆ ಗಾಳಿ ಹೋಗುತ್ತಿತ್ತು. 'ತ' ಅಂದರೆ ನಾಲಿಗೆ ಹೊರಗೆ ಬರುತ್ತಿತ್ತು.

ಮುರಿದ ಬುಡಗಳನ್ನು ಕೀಳಿಸಿ, ಹಾಕಿ ತೆಗೆಯುವ ಹಲ್ಲುಸೆಟ್ಟು ಮಾಡಿಸಿದೆವು. ಅದು ಅವನ ಬಾಯಿಗೆ ಒಗ್ಗಲಿಲ್ಲ. ಒಂದು ದಿನ ಮಾರುಕಟ್ಟೆಯಲ್ಲಿ ಹಳೇ ರೀಲರೊಬ್ಬರು ಏನೋ ತಮಾಷೆ ಮಾಡಿದ್ದಾರೆ, ಅಪ್ಪ ನಕ್ಕಿದ್ದಾನೆ, ಸೆಟ್ಟು ಜಾರಿ ಗೂಡಿನ ರಾಶಿಯೊಳಗೆ ಬಿದ್ದಿದೆ. ಬೆಳ್ಳಗಿನ ಗೂಡುಗಳ ನಡುವೆ ಬೆಳ್ಳಗಿನ ಹಲ್ಲು. ನಾಲ್ಕು ಜನ ಕೈ ಹಾಕಿ ಹುಡುಕಿ ಕೊಟ್ಟರಂತೆ. ಯಾರೂ ನಗಲಿಲ್ಲವಂತೆ. ಅದೇ ಅವನಿಗೆ ಹೆಚ್ಚು ನೋವಾದದ್ದು ಅಂತ ನನಗೆ ಆಮೇಲೆ ತಿಳಿಯಿತು. ಮನೆಗೆ ಬಂದು ಸೆಟ್ಟನ್ನು ಟಿವಿ ಸ್ಟ್ಯಾಂಡಿನ ಮೇಲಿಟ್ಟು, "ಮುಂದಿನ ಬೆಳೆಗೆ ಗೂಡು ನೀನೇ ತಗೊಂಡು ಹೋಗಪ್ಪ, ಒಂದಿನ ರಜ ಹಾಕು," ಅಂದ. ಹೇಳುವಾಗ ಬಾಯಿಗೆ ಟವೆಲು ಅಡ್ಡ ಹಿಡಿದಿದ್ದ.

ಚಿಕ್ಕಬಳ್ಳಾಪುರದಲ್ಲಿ ಹಲ್ಲು ಕಟ್ಟುವ ಒಬ್ಬ ಹೆಂಗಸು ಡಾಕ್ಟರಿದ್ದಾರೆಂದು ನಮ್ಮ ಸ್ಕೂಲಿನವರು ಹೇಳಿದರು. ಅಪ್ಪನನ್ನು ಕರೆದುಕೊಂಡು ಹೋದೆ. ಆಕೆ ಬಾಯಿ ನೋಡಿ, ಎಕ್ಸ್‌ರೇ ತೆಗೆದು, ಒಂದು ಸಣ್ಣ ಸ್ಕ್ರೂವನ್ನು ಅಪ್ಪನ ಅಂಗೈಯಲ್ಲಿಟ್ಟರು. ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು.

"ಇಂಥವು ಎರಡನ್ನ ಮೂಳೆಯೊಳಗೆ ಕೂರಿಸ್ತೀನಿ ಯಜಮಾನ್ರೇ. ಟೈಟಾನಿಯಂ ಅಂತ ಲೋಹ. ಮೂರು ನಾಕು ತಿಂಗಳು ಬಿಟ್ರೆ ಮೂಳೆ ಬೆಳೆದು ಇದನ್ನ ಹಿಡ್ಕೊಳ್ಳುತ್ತೆ. ಆಮೇಲೆ ಇದರ ಮೇಲೆ ನಾಲ್ಕು ಹಲ್ಲು ಕಟ್ತೀನಿ. ತೆಗೆಯೋದು ಹಾಕೋದು ಇರಲ್ಲ."

ಅಪ್ಪ ಸ್ಕ್ರೂವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಮೂಳೆಗೆ ಗೊತ್ತಾಗಲ್ವೇನಮ್ಮ, ಇದು ನಮ್ಮದಲ್ಲ ಅಂತ?"

ಆಕೆ ಕೈಗವಸು ತೆಗೆಯುತ್ತಿದ್ದವರು ನಿಲ್ಲಿಸಿದರು. "ಕಾಲಿಗೆ ಮುಳ್ಳು ಹೊಕ್ಕರೆ ಮೈ ಅದನ್ನ ಕೀವು ಮಾಡಿ ಹೊರಗೆ ತಳ್ಳುತ್ತೆ. ಈ ಲೋಹನ ತಳ್ಳಲ್ಲ. ಯಾಕೆ ಅಂತ ಓದಿದೀನಿ. ಆದ್ರೂ ಒಂದೊಂದು ಸಲ ಎಕ್ಸ್‌ರೇ ನೋಡ್ದಾಗ ನನಗೂ ಆಶ್ಚರ್ಯ ಆಗುತ್ತೆ."

ಟೈಟಾನಿಯಂ ನನಗೆ ಹೊಸದೇನಲ್ಲ. ಆವರ್ತ ಕೋಷ್ಟಕದ ಇಪ್ಪತ್ತೆರಡನೆಯ ಮನೆ. ವರ್ಷಾ ವರ್ಷಾ ಆ ಕೋಷ್ಟಕವನ್ನು ಬೋರ್ಡಿನ ಮೇಲೆ ತೂಗುಹಾಕಿ ಕೋಲಿನಲ್ಲಿ ತೋರಿಸಿದವನು ನಾನು. ಆದರೆ ಅದನ್ನು ಕಣ್ಣಿಂದ ಕಂಡದ್ದು ಅವತ್ತೇ, ಅಪ್ಪನ ಬಿರುಕುಬಿಟ್ಟ ಅಂಗೈಯಲ್ಲಿ.

ಡಾಕ್ಟರು ಒಂದು ಷರತ್ತು ಹಾಕಿದರು. ಬೀಡಿ ಪೂರ್ತಿ ಬಿಡಬೇಕು. ಹೊಗೆ ವಸಡಿಗೆ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ, ಮೂಳೆ ಹಿಡಿಯುವುದಿಲ್ಲ, ಹಿಡಿದರೂ ಬಾಳುವುದಿಲ್ಲ ಅಂದರು. ನಲವತ್ತು ವರ್ಷದಿಂದ ಬೀಡಿ ಸೇದಿದವನು ಅಪ್ಪ. ಅಮ್ಮ ಬೇಡಿದ್ದಳು, ನಾನು ಬೇಡಿದ್ದೆ, ಬಿಟ್ಟಿರಲಿಲ್ಲ. ಆ ದಿನ ಮನೆಗೆ ಬಂದವನೇ ಜೇಬಿನಲ್ಲಿದ್ದ ಕಟ್ಟನ್ನು ಒಲೆಗೆ ಹಾಕಿದ. ಎರಡು ವಾರ ಯಾರ ಮೇಲೆ ಬೇಕಾದರೂ ರೇಗುತ್ತಿದ್ದ. ಹುಳುಮನೆಗೆ ಸೊಪ್ಪು ಹಾಕಲು ಹೋದವನು ಒಳಗೇ ಕೂತುಬಿಡುತ್ತಿದ್ದ. ಆಮೇಲೆ ಬೀಡಿಯ ಮಾತೇ ಎತ್ತಲಿಲ್ಲ.

ಸಕ್ಕರೆ ಕಾಯಿಲೆ ಇಲ್ಲವೆಂದು ರಕ್ತ ಪರೀಕ್ಷೆ ಮಾಡಿಸಿ, ಒಂದು ಬುಧವಾರ ಎರಡೂ ಸ್ಕ್ರೂ ಕೂರಿಸಿದರು. ನಾಲ್ಕು ತಿಂಗಳು ಕಾಯಬೇಕಿತ್ತು. ಅಪ್ಪ ಬದುಕಿನಲ್ಲಿ ಏನೇನಕ್ಕೋ ಕಾದವನು, ಆದರೆ ತನ್ನದೇ ದವಡೆಗೆ ಕಾಯುವುದು ಅವನಿಗೆ ವಿಚಿತ್ರವಾಗಿ ತೋರಿತು. ತೋಟದಲ್ಲಿ ಹೊಸದಾಗಿ ನೆಟ್ಟ ಹಿಪ್ಪುನೇರಳೆ ಕಡ್ಡಿಯಾದರೆ ಚಿಗುರು ತೋರಿಸುತ್ತದೆ. ಇಲ್ಲಿ ಹೊರಗೇನೂ ಕಾಣದು. ಒಂದು ಸಾಯಂಕಾಲ ಜಗುಲಿಯ ಮೇಲೆ ಗದ್ದ ಹಿಡಿದುಕೊಂಡು ಕೂತಿದ್ದವನನ್ನು ನೋವಾ ಅಂತ ಕೇಳಿದೆ.

"ನೋವಿಲ್ಲ. ಒಳಗಡೆ ಕೆಲಸ ನಡೀತಾ ಐತಲ್ಲ, ನಂಗೇ ಹೇಳದಂಗೆ ಮಾಡ್ತಾ ಐತೆ," ಅಂದ.

ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಕನ್ನಡಿಯ ಹಿಡಿಯಿಂದ ಒಂದೊಂದು ಸ್ಕ್ರೂವಿನ ತಲೆಯನ್ನೂ ತಟ್ಟಿದರು. ಟಿಣ್ ಅಂತ ಸ್ವಚ್ಛವಾದ ಸದ್ದು ಬಂತು. ಹಿಡಿಯದಿದ್ದರೆ ಮಂದ ಸದ್ದು ಬರುತ್ತದಂತೆ. ಎಕ್ಸ್‌ರೇ ತೋರಿಸಿದರು. ಸ್ಕ್ರೂವಿನ ಪ್ರತಿಯೊಂದು ಗೆರೆಯ ಸಂದಿಗೂ ಮೂಳೆ ತುಂಬಿಕೊಂಡಿತ್ತು. ಎಲ್ಲಿ ಲೋಹ ಮುಗಿದು ಎಲ್ಲಿ ಅಪ್ಪ ಶುರುವಾಗುತ್ತಾನೆಂದು ಬೆರಳಿಟ್ಟು ಹೇಳಲಾಗದಷ್ಟು ಹತ್ತಿರ. ವಿಜ್ಞಾನದ ಮೇಷ್ಟ್ರಾಗಿ ನಾನು ಏನಾದರೂ ಕೇಳಬೇಕಿತ್ತು. ಬದಲಿಗೆ ಗೆರೆಗಳನ್ನು ಎಣಿಸುತ್ತ ನಿಂತೆ.

ನಾಲ್ಕು ಹಲ್ಲು ಕಟ್ಟಿಸಿಕೊಂಡ ದಿನ ಡಾಕ್ಟರು ಅಪ್ಪನನ್ನು ಒಂದು ಗಂಟೆ ಕೂರಿಸಿಕೊಂಡು ಆರೈಕೆ ಕಲಿಸಿದರು.

"ಎಷ್ಟು ವರ್ಷ ಬರುತ್ತಮ್ಮ ಇದು?" ಅಪ್ಪ ಕೇಳಿದ.

"ಒಳಗಿನ ಸ್ಕ್ರೂ ನಿಮ್ಮ ಜೀವಮಾನಕ್ಕೂ ಬರಬಹುದು. ಮೇಲಿನ ಹಲ್ಲು ಸವೆದ್ರೆ, ಸೀಳಿದ್ರೆ ಬೇರೆ ಮಾಡಿಸ್ಬೋದು. ಆದ್ರೆ ಯಜಮಾನ್ರೇ, ಇದಕ್ಕೆ ಹುಳುಕು ಹಿಡಿಯಲ್ಲ ಅಂತ ಸುಮ್ನೆ ಕೂರೋ ಹಾಗಿಲ್ಲ. ಸುತ್ತ ಕೊಳೆ ನಿಂತ್ರೆ ವಸಡು ಊದ್ಕೊಳ್ಳುತ್ತೆ, ಮೂಳೆ ಕರಗುತ್ತೆ. ನಿಜವಾದ ಹಲ್ಲಾದ್ರೆ ಮೊದಲೇ ನೋವಿಂದ ಕೂಗುತ್ತೆ. ಇದು ಕೂಗೋ ಹೊತ್ತಿಗೆ ತಡ ಆಗಿರುತ್ತೆ."

ಅಲ್ಲಿಯವರೆಗೆ ಅಪ್ಪನಿಗೆ ಗೊತ್ತಿದ್ದದ್ದು ಬೇವಿನ ಕಡ್ಡಿ ಒಂದೇ. ಅವತ್ತಿನಿಂದ ಮೆತ್ತನೆ ಬ್ರಷ್ಷು, ಹಲ್ಲಿನ ಸಂದಿಗೆ ಹಾಕುವ ಬಾಟಲಿ ಬ್ರಷ್ಷಿನಂಥ ಪುಟ್ಟ ಬ್ರಷ್ಷು, ಕಟ್ಟಿದ ಹಲ್ಲಿನ ಕೆಳಗೆ ತೂರಿಸಿ ಎಳೆಯುವ ದಾರ. ಸೂಜಿಯಂಥ ಗಟ್ಟಿ ತುದಿಯಿರುವ ದಾರ ಅದು. ಆರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದು. ದಿನಾ ಬೆಳಿಗ್ಗೆ ಮತ್ತು ಸಾಯಂಕಾಲದ ಊಟವಾದ ಮೇಲೆ ನೀರಿನ ತೊಟ್ಟಿಯ ಹತ್ತಿರ ಸ್ಟೂಲು ಹಾಕಿಕೊಂಡು, ಗೋಡೆಗೆ ಹೊಡೆದ ಮೊಳೆಗೆ ಕನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ರೇಷ್ಮೆಹುಳು ಸಾಕುವವನಿಗೆ ಶುಚಿಯ ಅಭ್ಯಾಸ ಮೊದಲೇ ಇತ್ತು. ಸುಣ್ಣ ಹಾಕದೆ, ಕೈ ತೊಳೆಯದೆ ಹುಳುಮನೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಅದೇ ಕಟ್ಟುನಿಟ್ಟು ಬಾಯಿಗೂ ಬಂತು. ಮಾರುಕಟ್ಟೆಗೆ ಮತ್ತೆ ಅವನೇ ಹೊರಟ. ಹರಾಜು ಕಂಪ್ಯೂಟರಿಗೆ ಬಂದ ಮೇಲೂ, ಕೂಗುವ ಅಗತ್ಯವೇ ಇಲ್ಲದಿದ್ದರೂ ಕೂಗಿಯೇ ಮಾತಾಡುತ್ತಿದ್ದ.

ಹೀಗೆ ಸುಮಾರು ಹನ್ನೊಂದು ವರ್ಷ ನಡೆಯಿತು. ಮದುವೆಯ ಊಟದಲ್ಲಿ ಕೂತರೂ ಕೈ ತೊಳೆದವನೇ ಮರೆಗೆ ಹೋಗಿ ಜೇಬಿನ ಬ್ರಷ್ಷು ತೆಗೆಯುತ್ತಿದ್ದ. ಅಷ್ಟರಲ್ಲಿ ಅವನ ಸ್ವಂತದ ಕಡೆಹಲ್ಲುಗಳು ಎರಡು ಮೂರು ಅಲುಗಾಡಿ ಬಿದ್ದಿದ್ದವು. ಈ ನಾಲ್ಕು ಮಾತ್ರ ಕೂರಿಸಿದ ದಿನದಂತೆಯೇ ಇದ್ದವು.

ಎರಡೂವರೆ ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಹುಳುಮನೆಯ ಬಾಗಿಲಲ್ಲಿ ಕುಸಿದು ಕೂತವನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದೆವು. ಜೀವ ಉಳಿಯಿತು. ಬಲಗೈ ಬಲಗಾಲು ಎರಡೂ ಸತ್ತಂತೆ ಜೋತುಬಿದ್ದವು, ಮಾತು ಗಂಟಲಲ್ಲೇ ಉರುಳುತ್ತಿತ್ತು. ಮೂರು ವಾರ ಆಸ್ಪತ್ರೆ, ಆಮೇಲೆ ಮನೆ. ಮಾತ್ರೆ, ಬಿ.ಪಿ., ಕೈಕಾಲು ತಿಕ್ಕಿ ವ್ಯಾಯಾಮ ಮಾಡಿಸುವುದು, ಮಲಗಿ ಮಲಗಿ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದು, ನಮ್ಮ ತಲೆಯಲ್ಲಿ ಇವೇ ತುಂಬಿದ್ದವು. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಮುಖ ಒರೆಸುವಾಗ ತುಟಿಯನ್ನೂ ಒರೆಸುತ್ತಿದ್ದೆ. ಅಲ್ಲಿಗೆ ಬಾಯಿಯ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಅಪ್ಪ ಎಡಗೈಯಿಂದ ಬಾಯಿ ತೋರಿಸತೊಡಗಿದ. ತೋರಿಸಿ "ನೊಪ್... ನೊಪ್..." ಅನ್ನುತ್ತಿದ್ದ. ನಾನು ನೀರು ಕೇಳುತ್ತಿದ್ದಾನೆಂದು ಲೋಟ ತಂದು ಚಮಚದಲ್ಲಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ "ನೊಪ್..." ಗಂಜಿಯೂ ಒಳಗೆ ಹೋಗದಾಯಿತು. ಹಠ ಮಾಡ್ತಾನೆ ಅಂತ ಒಂದೆರಡು ಸಲ ಗದರಿದೆ ಕೂಡ.

ಒಂದು ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಅವನ ದಿಂಬಿನ ಮೇಲಿನ ಟವೆಲು ಬದಲಾಯಿಸುತ್ತಿದ್ದಳು. ನಾನು ಎಂದಿನಂತೆ ಲೋಟ ಹಿಡಿದುಕೊಂಡು ಬಂದೆ. ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಇರ್ರೀ ಸ್ವಲ್ಪ. ಮಾವ ನೀರು ಅಂತ ಇಲ್ಲ. ನೊಪ್ಪಿ ಅಂತಾವ್ರೆ."

ನೊಪ್ಪಿ ಅಂದರೆ ತೆಲುಗಿನಲ್ಲಿ ನೋವು. ಅಪ್ಪನ ಅಮ್ಮ ಗಡಿಯ ಆಚೆಯಿಂದ ಬಂದವಳು, ಅವನು ಮೊದಲು ಕಲಿತದ್ದು ಅವಳ ತೆಲುಗನ್ನೇ. ನನ್ನ ಜೊತೆ ಯಾವತ್ತೂ ಕನ್ನಡದಲ್ಲೇ ಮಾತಾಡಿದವನು. ಕಾಯಿಲೆ ಮೇಲಿನದನ್ನೆಲ್ಲ ಒರೆಸಿ ಅಡಿಯಲ್ಲಿದ್ದ ಮಾತನ್ನು ಮಾತ್ರ ಉಳಿಸಿತ್ತೋ ಏನೋ. ತವರಿನಲ್ಲಿ ತೆಲುಗಾಡುವ ನನ್ನ ಹೆಂಡತಿಗೆ ಅದು ಕೇಳಿಸಿತು. ಅವಳು ಬಗ್ಗಿ, "ಎಕ್ಕಡ ನೊಪ್ಪಿ, ಮಾವ?" ಅಂತ ತೆಲುಗಿನಲ್ಲೇ ಎಲ್ಲಿ ನೋವೆಂದು ಕೇಳಿದಳು. ಅಪ್ಪನ ಕಣ್ಣಲ್ಲಿ ನೀರು ತುಂಬಿತು. ಎಡಗೈ ಬೆರಳಿನಿಂದ ಕೆಳತುಟಿಯನ್ನು ತಾನೇ ಎಳೆದು ತೋರಿಸಿದ. ಎಡಗಡೆಯ ಸ್ಕ್ರೂವಿನ ಸುತ್ತ ವಸಡು ಕೆಂಪಗೆ ಊದಿತ್ತು. ಟವೆಲಿನ ಮೇಲೆ ರಕ್ತದ ಕಲೆ. ಇಷ್ಟು ದಿನ ಅದನ್ನು ಎಲೆಯಡಿಕೆಯ ಹಳೇ ಕಲೆಯೆಂದು ನೋಡಿಯೂ ನೋಡದಂತಿದ್ದೆ.

ಹಿತ್ತಲಿಗೆ ಹೋಗಿ ಲೋಟದ ನೀರನ್ನು ಚೆಲ್ಲಿದೆ. ಆರೇಳು ದಿನದಿಂದ ನೋವು ಅಂತ ಹೇಳುತ್ತಿದ್ದವನಿಗೆ ನಾನು ನೀರು ಕುಡಿಸುತ್ತಿದ್ದೆ.

ಮಾರನೆಯ ದಿನ ಕಾರು ಮಾಡಿಕೊಂಡು ಡಾಕ್ಟರ ಹತ್ತಿರ ಹೋದೆವು. ಅದೇ ಡಾಕ್ಟರು. ಕೂದಲು ನರೆತಿತ್ತು. ಗಾಲಿಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿ ಏನೂ ಕೇಳದೆ ಪಕ್ಕದಲ್ಲಿ ಮೊಣಕಾಲೂರಿ ಕೂತು, "ಬಾಯಿ ತೆಗೀರಿ ಯಜಮಾನ್ರೇ, ಇಷ್ಟು ವರ್ಷ ಚೆನ್ನಾಗಿ ಕಾದಿದೀರಿ, ಇನ್ನ ನಾವು ನೋಡ್ಕೋತೀವಿ," ಅಂದರು. ತೆಳ್ಳನೆ ಕಡ್ಡಿ ಇಳಿಸಿದರೆ ಕೀವು ಬಂತು. ಎಕ್ಸ್‌ರೇಯಲ್ಲಿ ಎಡಗಡೆ ಸ್ಕ್ರೂವಿನ ಮೇಲ್ಭಾಗದ ಎರಡು ಗೆರೆಗಳಷ್ಟು ಮೂಳೆ ಕರಗಿತ್ತು. ಅದರ ಕೆಳಗೆ ಮಾತ್ರ ಹಾಗೇ ಹಿಡಿದುಕೊಂಡಿತ್ತು.

ಅಪ್ಪನನ್ನು ನೋಡುತ್ತಿದ್ದ ಲಕ್ವದ ಡಾಕ್ಟರಿಗೆ ಫೋನು ಮಾಡಿ, ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಕೇಳಿಕೊಂಡು, ವಾರದ ನಂತರ ವಸಡು ಬಿಡಿಸಿ ಸ್ವಚ್ಛ ಮಾಡಿದರು. ಅದಕ್ಕೆ ಮೊದಲು ಸ್ಕ್ರೂಗಳ ಮೇಲಿನ ನಾಲ್ಕು ಹಲ್ಲನ್ನೂ ಒಟ್ಟಿಗೆ ಬಿಚ್ಚಿದರು. "ಬನ್ನಿ ಮೇಷ್ಟ್ರೇ, ನೋಡಿ," ಅಂತ ನನ್ನನ್ನು ಕರೆದರು.

ಅಪ್ಪನ ಬಾಯೊಳಗೆ ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಯಾವ ಮಗ ನೋಡಿರುತ್ತಾನೆ? ಗುಲಾಬಿ ಬಣ್ಣದ ವಸಡಿನಿಂದ ಎರಡು ಬೂದುಬಣ್ಣದ ತಲೆ ಎದ್ದು ನಿಂತಿದ್ದವು. ಹನ್ನೊಂದು ವರ್ಷ ಜೊಲ್ಲಿನಲ್ಲಿ ನೆನೆದಿವೆ. ಬಿಸಿ ಸಾರು, ಹುಳಿ ಮಜ್ಜಿಗೆ, ಅವರೆಕಾಳು, ಕಬ್ಬಿನ ಜಲ್ಲೆ, ಅಪ್ಪನ ಸಿಟ್ಟು, ಅಪ್ಪನ ನಗು, ಎಲ್ಲವೂ ಅವುಗಳ ಮೇಲೆ ಹಾದುಹೋಗಿವೆ. ಒಂದು ಚೂರು ತುಕ್ಕಿಲ್ಲ. ನಮ್ಮ ಪಂಪುಸೆಟ್ಟಿನ ಬೋಲ್ಟು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಅಪ್ಪನ ಬಲಭಾಗವೆಲ್ಲ ಅವನ ಮಾತು ಕೇಳುವುದನ್ನು ಬಿಟ್ಟಾಗಲೂ, ನಾವು ಯಾರೂ ತಿರುಗಿ ನೋಡದಿದ್ದಾಗಲೂ, ಆ ದವಡೆಯ ಮೂಳೆ ಹೊರಗಿನಿಂದ ಬಂದ ಆ ಎರಡು ಲೋಹದ ಚೂರನ್ನು ಬಿಟ್ಟಿರಲಿಲ್ಲ.

"ನನ್ನ ಕೆಲಸ ಇಷ್ಟೇ. ಇನ್ನ ದಿನಾ ಮಾಡೋದು ನಿಮ್ಮ ಕೆಲಸ," ಅಂದರು ಡಾಕ್ಟರು. ಹಲ್ಲನ್ನು ಮತ್ತೆ ಕೂರಿಸಿದ ಮೇಲೆ ಬ್ರಷ್ಷನ್ನು ನನ್ನ ಕೈಗಿಟ್ಟು ಅಲ್ಲೇ ಮಾಡಿಸಿದರು.

ಮನೆಯಲ್ಲಿ ಮೊದಲ ದಿನ ಅಪ್ಪ ಬಾಯಿ ತೆಗೆಯಲಿಲ್ಲ. ಗೋಡೆ ಕಡೆ ತಿರುಗಿದ. ಅವನ ಬಟ್ಟೆ ಬದಲಾಯಿಸಿದ್ದೆ, ಮೈ ತೊಳೆಸಿದ್ದೆ, ಅದಕ್ಕೆಲ್ಲ ಸುಮ್ಮನಿದ್ದವನಿಗೆ ಬಾಯಿ ತೆಗೆದು ತೋರಿಸಲು ನಾಚಿಕೆ. ನಾನು ಒತ್ತಾಯ ಮಾಡಲಿಲ್ಲ. ಅವನದೇ ಹಳೇ ಸ್ಟೂಲನ್ನು ತಂದು ಮಂಚದ ಪಕ್ಕ ಹಾಕಿಕೊಂಡು ಬ್ರಷ್ಷು, ದಾರ, ನೀರಿನ ಬಟ್ಟಲು ಹಿಡಿದು ಕೂತೆ. ಸ್ಕೂಲಿಗೆ ಹೊತ್ತಾಗುತ್ತಿತ್ತು. ಆಗಲಿ ಅಂದುಕೊಂಡೆ. ಬಹಳ ಹೊತ್ತಾದ ಮೇಲೆ ಅವನು ಈ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು ಬಾಯಿ ತೆಗೆದ.

ದಾರವನ್ನು ಹಲ್ಲಿನ ಕೆಳಗೆ ತೂರಿಸಲು ಮೂರು ಸಲ ನೋಡಿದೆ, ಆಗಲಿಲ್ಲ. ಅಪ್ಪ ಎಡಗೈ ಎತ್ತಿ ನನ್ನ ಮಣಿಕಟ್ಟು ಹಿಡಿದ. ಒಂದಿಷ್ಟು ಕೆಳಗೆ, ಒಂದಿಷ್ಟು ಓರೆಗೆ ತಿರುಗಿಸಿದ. ದಾರ ಸಲೀಸಾಗಿ ಒಳಗೆ ಹೋಗಿ ಆಚೆ ಬಂತು. ಸಾವಿರಾರು ಸಲ ತಾನು ಮಾಡಿದ ಕೆಲಸವನ್ನು ಅವನು ನನ್ನ ಕೈಯಲ್ಲಿ ಮಾಡಿಸುತ್ತಿದ್ದ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ್ದು ಅಮ್ಮ. ಅಪ್ಪ ನನ್ನ ಕೈ ಹಿಡಿದು ಏನನ್ನಾದರೂ ಕಲಿಸಿದ ನೆನಪು ನನಗೆ ಅದೊಂದೇ. ಆಗ ನನಗೆ ನಲವತ್ತೇಳು ವರ್ಷ.

"ಮೆ... ಮೆತ್ತಗೆ," ಅಂದ. ಕನ್ನಡದಲ್ಲೇ ಅಂದ.

ಅಂದಿನಿಂದ ದಿನಕ್ಕೆರಡು ಸಲ ನಡೆದಿದೆ. ನಾನು ತರಬೇತಿಗೆಂದು ಗೌರಿಬಿದನೂರಿಗೆ ಹೋಗಿ ಉಳಿದ ದಿನಗಳಲ್ಲಿ ಹೆಂಡತಿ ಮಾಡುತ್ತಾಳೆ. ಅವಳ ಕೈ ನನಗಿಂತ ಹಗುರ ಅಂತ ಅಪ್ಪ ನನ್ನೆದುರಿಗೇ ಹೇಳುತ್ತಾನೆ. ಮಾತು ಮುಕ್ಕಾಲು ಭಾಗ ಮರಳಿದೆ. ಕೋಲು ಹಿಡಿದು ಹುಳುಮನೆಯವರೆಗೆ ನಡೆಯುತ್ತಾನೆ. ಬಲಗೈ ಇನ್ನೂ ಮುಷ್ಟಿ ಬಿಡಿಸುವುದಿಲ್ಲ. ಕಟ್ಟಿದ ಹಲ್ಲುಗಳಲ್ಲಿ ಒಂದರ ಅಂಚು ಸೀಳಿದ್ದರಿಂದ ಹೋದ ವರ್ಷ ಮೇಲಿನ ನಾಲ್ಕನ್ನೂ ಬೇರೆ ಮಾಡಿಸಿದೆವು. ಸ್ಕ್ರೂಗಳು ಮಾತ್ರ ಅವೇ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆವು. ಡಾಕ್ಟರು ಮೊದಲ ವರ್ಷದ ಎಕ್ಸ್‌ರೇಯನ್ನೂ ಈಗಿನದನ್ನೂ ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಕರಗಿದ ಎರಡು ಗೆರೆ ಮರಳಿ ಬಂದಿಲ್ಲ, ಬರುವುದೂ ಇಲ್ಲವಂತೆ. ಆದರೆ ಅಲ್ಲಿಂದ ಕೆಳಗೆ ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಅಪ್ಪ ಬಹಳ ಹೊತ್ತು ಎರಡನ್ನೂ ನೋಡಿದ.

"ಇದು ನಾನೇನಮ್ಮ?" ಅಂತ ಕೇಳಿದ.

"ನೀವೇ ಯಜಮಾನ್ರೇ."

"ಒಳಗಡೆ ಇಷ್ಟು ಚೆನ್ನಾಗೈತಾ," ಅಂದ. ವಾಪಸು ಬರುವ ದಾರಿಯಲ್ಲಿ ಪೇರೇಸಂದ್ರ ದಾಟುವವರೆಗೂ ಎಡಗೈಯಿಂದ ಗದ್ದವನ್ನು ಸವರಿಕೊಳ್ಳುತ್ತಿದ್ದ.

ಅವತ್ತು ಸಾಯಂಕಾಲ ಊಟವಾದ ಮೇಲೆ ಅಂಗಳದಲ್ಲಿ ಅವನ ಬಾಯಿಯ ಕೆಲಸ ಮುಗಿಸಿ ಬ್ರಷ್ಷು ತೊಳೆಯುತ್ತಿದ್ದೆ. ಅಪ್ಪ ನನ್ನ ಮೊಬೈಲನ್ನು ಕೇಳಿ ತೆಗೆದುಕೊಂಡ. ಟಾರ್ಚು ಹಾಕಿಕೊಡು ಅಂದ. ಹಾಕಿಕೊಟ್ಟೆ.

"ಇಲ್ಲಿ ಕೂತ್ಕೊ. ಬಾಯಿ ತೆಗಿ."

"ಯಾಕಪ್ಪ?"

"ತೆಗಿಯೋ. ನೋಡಣ."

ಸ್ಟೂಲಿನ ಮೇಲೆ ಕೂತು ಬಾಯಿ ತೆಗೆದೆ. ಅಪ್ಪ ಎಡಗೈಯಲ್ಲಿ ಬೆಳಕು ಹಿಡಿದು ಮೇಲೆ ಕೆಳಗೆ, ಆ ಮೂಲೆ ಈ ಮೂಲೆ ಎಲ್ಲ ನೋಡಿದ. ಅವನ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಬಂದಿತ್ತು, ರೆಪ್ಪೆಯ ಕೂದಲು ಬೆಳ್ಳಗಾಗಿದ್ದು ಕೂಡ ಕಾಣುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದಳು.

"ಬಲಗಡೆ ಕಡೇ ಹಲ್ಲಿನ ಹಿಂದೆ ಸರ್ಯಾಗಿ ಉಜ್ತಾ ಇಲ್ಲ ನೀನು," ಅಂದ ಅಪ್ಪ. "ಹೋಗಿ ಉಜ್ಕೊಂಡ್ ಬಾ."